ಚಳಿಗಾಲದ ಒಂದು ತಿಂಗಳು: ಮ್ಯಾಚ್ ಪಟ್ಟಿ ಹಿಡಿದು ಊರ ಊಟ, ಕ್ರಾಫ್ಟ್ ಬಿಯರ್ ಸವಿಯುವುದು ಹೇಗೆ

ಚಳಿ ಶುರುವಾದ ಮೇಲೆ ಮನೆಯಿಂದ ಹೊರಗೆ ಕಾಲಿಡಲು ಒಂದು ನೆಪ ಬೇಕು. ನನಗೆ ಆ ನೆಪ ಯಾವತ್ತೂ ಮ್ಯಾಚ್. ಮ್ಯಾಚ್ ಅಂದ ಮೇಲೆ ಹೊಟ್ಟೆಗೆ ಏನಾದರೂ ಬೇಕು, ಕೈಯಲ್ಲಿ ಒಂದು ಗ್ಲಾಸ್ ಇದ್ದರೆ ಇನ್ನೂ ಒಳ್ಳೆಯದು. ಹೀಗೆ ಮೂರೂ ಒಟ್ಟಿಗೆ ಗಂಟುಬಿದ್ದವು. ಮೊದಲ ಸಲ ಈ ಮೂರನ್ನೂ ಒಂದೇ ತಿಂಗಳಲ್ಲಿ ಹಿಡಿಯಲು ಹೋದಾಗ ಎರಡನೇ ವಾರಕ್ಕೇ ಸುಸ್ತಾಗಿದ್ದೆ. ಕ್ರಾಫ್ಟ್ ಬಿಯರ್, ಅಂದರೆ ಚಿಕ್ಕ ಪ್ರಮಾಣದಲ್ಲಿ ಬಗೆಬಗೆಯ ಬಿಯರ್ ಮಾಡುವ ಕಂಡ ಬ್ರೂವರಿಗೆಲ್ಲ ನುಗ್ಗಿದ್ದೆ, ಟೀವಿಯಲ್ಲಿ ಬಂದ ಮ್ಯಾಚೆಲ್ಲ ನೋಡಿದ್ದೆ, ತಿಂದದ್ದು ಮಾತ್ರ ಬರೀ ಕರಿದ ಆಲೂಗಡ್ಡೆ. ತಿಂಗಳ ಕೊನೆಗೆ ಉಳಿದದ್ದು ತಲೆನೋವು ಮತ್ತು ಖಾಲಿ ಜೇಬು.

ಆಮೇಲೆ ಒಂದು ಕ್ರಮ ಕಂಡುಕೊಂಡೆ. ಮೊದಲು ಮ್ಯಾಚ್, ಆಮೇಲೆ ಊಟ, ಕೊನೆಗೆ ಬಿಯರ್. ಕಾರಣ ಸುಲಭ. ಮ್ಯಾಚಿನ ಹೊತ್ತು ನಮ್ಮ ಕೈಯಲ್ಲಿಲ್ಲ. ಅಡುಗೆಯನ್ನು ಸ್ವಲ್ಪ ಹಿಂದೆಮುಂದೆ ಮಾಡಬಹುದು. ಬಿಯರ್‌ನಲ್ಲಂತೂ ಎಷ್ಟು ಬಗೆ ಇವೆ ಅಂದರೆ ಯಾವ ಊಟಕ್ಕೂ ಒಂದು ಹೊಂದುತ್ತದೆ. ಹಾಗಾಗಿ ಬಗ್ಗದ ಕಂಬವನ್ನು ಮೊದಲು ನೆಟ್ಟು, ಬಗ್ಗುವ ಬಳ್ಳಿಯನ್ನು ಅದಕ್ಕೆ ಹಬ್ಬಿಸಬೇಕು. ಜಾಸ್ತಿ ಜನ ಇದನ್ನು ಉಲ್ಟಾ ಮಾಡುತ್ತಾರೆ. ಬಿಯರ್‌ನಿಂದ ಶುರು ಮಾಡುತ್ತಾರೆ, ಊಟ ಮರೆತುಬಿಡುತ್ತಾರೆ, ಎರಡನೇ ಹಾಫ್ ಬರುವಷ್ಟರಲ್ಲಿ ಸ್ಕೋರ್ ಎಷ್ಟು ಅಂತಲೂ ಗೊತ್ತಿರುವುದಿಲ್ಲ.

ಒಂದು ಮಾತು ಮೊದಲೇ. ನಿಮ್ಮಲ್ಲಿ ಕುಡಿಯಲು ಕಾನೂನು ಹೇಳುವ ವಯಸ್ಸು ಆಗಿರದಿದ್ದರೆ, ಬಸುರಿಯಾಗಿದ್ದರೆ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಸುಮ್ನೆ ಕುಡಿಯುವುದು ಇಷ್ಟವಿಲ್ಲದಿದ್ದರೆ ಬಿಯರ್ ಭಾಗವನ್ನು ಆಲ್ಕೊಹಾಲ್ ಇಲ್ಲದ ಬಿಯರ್ ಅಂತಲೇ ಓದಿಕೊಳ್ಳಿ. ಈಗ ಅದರಲ್ಲೂ ಸ್ಟೌಟ್ ಅನ್ನುವ ಕಪ್ಪು ಬಿಯರ್ ಒಳ್ಳೆಯದು ಸಿಗುತ್ತದೆ. ಆದರೆ ಅಂಥ ಬಾಟಲಿಗಳಲ್ಲಿ ಎಷ್ಟೋ ಸಲ 0.5 ಶೇಕಡಾದವರೆಗೆ ಆಲ್ಕೊಹಾಲ್ ಇರುತ್ತದೆ. ಒಂದು ಹನಿಯೂ ಬೇಡ ಅನ್ನುವವರು ಲೇಬಲ್ ನೋಡಿ 0.0 ತೆಗೆದುಕೊಳ್ಳಿ.

ಹೆಜ್ಜೆ 1: ತಿಂಗಳಿಗೆ ನಾಲ್ಕೇ ಮ್ಯಾಚ್ ಆರಿಸಿ

ಹೌದು, ನಾಲ್ಕೇ. ಉಳಿದವನ್ನು ನೋಡಬೇಡಿ ಅಂತಲ್ಲ, ಅವುಗಳ ಸುತ್ತ ಊಟ ಬಿಯರ್ ಅಂತ ಸಂಭ್ರಮ ಕಟ್ಟಬೇಡಿ. ಕ್ಯಾಲೆಂಡರ್ ತೆಗೆದು ವಾರಕ್ಕೆ ಒಂದರಂತೆ ಗುರುತು ಹಾಕಿ. ನಾಲ್ಕೂ ಒಂದೇ ಥರ ಇರಬಾರದು. ಒಂದನ್ನು ಬಾರಿನಲ್ಲೋ ಬ್ರೂವರಿಯಲ್ಲೋ ನೋಡಿ, ಒಂದನ್ನು ಮನೆಯಲ್ಲಿ ಗೆಳೆಯರ ಜೊತೆ, ಒಂದನ್ನು ಮೈದಾನಕ್ಕೇ ಹೋಗಿ. ನಾಲ್ಕನೆಯದು ನೀವು ಯಾವತ್ತೂ ನೋಡದ ಆಟ ಆಗಿರಲಿ.

ಚಳಿಗಾಲಕ್ಕೆ ಮ್ಯಾಚುಗಳ ಬರ ಇಲ್ಲ. ಉತ್ತರ ಗೋಳದಲ್ಲಿದ್ದರೆ ಡಿಸೆಂಬರ್ ಕೊನೆಗೆ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ಗಳಲ್ಲಿ ಮ್ಯಾಚುಗಳ ನೂಕುನುಗ್ಗಲು. ಅದೇ ಹೊತ್ತಿಗೆ ಜರ್ಮನಿ ಮತ್ತು ಆಸ್ಟ್ರಿಯಾದ ನಾಲ್ಕು ಊರುಗಳಲ್ಲಿ ಸ್ಕೀ ಜಂಪಿಂಗ್‌ನ ಫೋರ್ ಹಿಲ್ಸ್ ಟೂರ್ನಿ ನಡೆಯುತ್ತದೆ, ಜನವರಿ 6ರ ಸುಮಾರಿಗೆ ಮುಗಿಯುತ್ತದೆ. ವರ್ಷ ಬದಲಾಗುವ ಆ ವಾರಗಳಲ್ಲೇ ಲಂಡನ್ನಿನಲ್ಲಿ ಡಾರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್. ಬಿಯರ್ ಹಿಡಿದು ನೋಡಲೆಂದೇ ಹುಟ್ಟಿದ ಆಟ ಅದು ಅಂತ ನನ್ನ ಅಭಿಪ್ರಾಯ. ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಪ್ಲೇಆಫ್, ಫೆಬ್ರವರಿಯಲ್ಲಿ ಅದರ ಫೈನಲ್ ಆದ ಸೂಪರ್ ಬೌಲ್ ಮತ್ತು ರಗ್ಬಿಯ ಸಿಕ್ಸ್ ನೇಷನ್ಸ್ ಟೂರ್ನಿ. ಐಸ್ ಹಾಕಿ, ಬಾಸ್ಕೆಟ್‌ಬಾಲ್ ಇಡೀ ಚಳಿಗಾಲ ಇದ್ದೇ ಇರುತ್ತವೆ. ದಕ್ಷಿಣ ಗೋಳದವರಿಗೆ ಚಳಿಗಾಲ ಜೂನ್‌ನಿಂದ ಆಗಸ್ಟ್. ಆಗ ಆಸ್ಟ್ರೇಲಿಯನ್ ಫುಟ್‌ಬಾಲ್, ರಗ್ಬಿ ಎರಡೂ ಜೋರಾಗಿರುತ್ತವೆ.

ಮೈದಾನದಲ್ಲಿ ನೋಡುವ ಮ್ಯಾಚಿಗೆ ದೊಡ್ಡ ತಂಡದ ಟಿಕೆಟ್ ಬೇಕೇ ಬೇಕು ಅಂತಿಲ್ಲ. ಹತ್ತಿರದ ಚಿಕ್ಕ ತಂಡ, ಎರಡನೇ ಮೂರನೇ ಡಿವಿಷನ್ನಿನದು, ಕಾಲೇಜಿನದೂ ಆಗಬಹುದು. ಟಿಕೆಟ್ ಅಗ್ಗ, ಆಟಗಾರರ ಕೂಗು ಕಿವಿಗೆ ಕೇಳುತ್ತದೆ, ಪಕ್ಕದಲ್ಲಿ ಕೂತ ಅಜ್ಜ ಮೂವತ್ತು ವರ್ಷದ ಹಿಂದಿನ ಗೋಲಿನ ಕತೆ ಹೇಳುತ್ತಾರೆ. ತಿನ್ನುವುದಕ್ಕೆ, ಕುಡಿಯುವುದಕ್ಕೆ ಊರಿನದೇ ಬೇಕು ಅಂತ ಹುಡುಕುವ ನಾವು ಟೀಮ್ ವಿಷಯದಲ್ಲಿ ಮಾತ್ರ ಸಾವಿರಾರು ಮೈಲಿ ದೂರ ನೋಡುತ್ತೇವೆ, ವಿಚಿತ್ರ ಅಲ್ವಾ?

ಮ್ಯಾಚ್ ಎಷ್ಟು ಹೊತ್ತು ನಡೆಯುತ್ತದೆ ಅಂತಲೂ ಪಕ್ಕದಲ್ಲಿ ಬರೆದುಕೊಳ್ಳಿ. ಅಡುಗೆ ನಿಂತಿರುವುದೇ ಅದರ ಮೇಲೆ. ಫುಟ್‌ಬಾಲ್ ಅಂದರೆ ಸುಮಾರು ಎರಡು ಗಂಟೆ, ನಡುವೆ 15 ನಿಮಿಷದ ಒಂದೇ ಬಿಡುವು. ಐಸ್ ಹಾಕಿಯಲ್ಲಿ 20 ನಿಮಿಷದ ಮೂರು ಆಟ, ಎರಡು ಬಿಡುವು. ಅಮೆರಿಕನ್ ಫುಟ್‌ಬಾಲ್ ಮೂರು ಗಂಟೆ ದಾಟುತ್ತದೆ, ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಫುಟ್‌ಬಾಲಿಗೆ ಒಂದೇ ಪಾತ್ರೆಯ ಊಟ ಸರಿ, ಹಾಫ್ ಟೈಮಲ್ಲಿ ಬಡಿಸಿ ಮುಗಿಸಬಹುದು. ಅಮೆರಿಕನ್ ಫುಟ್‌ಬಾಲಿಗೆ ಕೈಯಲ್ಲಿ ಹಿಡಿದು ತಿನ್ನುವಂಥದ್ದು, ಸ್ವಲ್ಪ ಸ್ವಲ್ಪವಾಗಿ ಬರುವಂಥದ್ದು.

ಹೆಜ್ಜೆ 2: ಮ್ಯಾಚಿಗೆ ಎರಡು ದಿನ ಮೊದಲು ಸಂತೆಗೆ ಹೋಗಿ

ಚಳಿಗಾಲದಲ್ಲಿ ಊರಲ್ಲಿ ಬೆಳೆದದ್ದು ಏನೂ ಸಿಗುವುದಿಲ್ಲ ಅಂತ ಜನ ಅಂದುಕೊಂಡಿದ್ದಾರೆ. ಕೆಲವು ತರಕಾರಿಗಳಿಗೆ ಅದೇ ಒಳ್ಳೆಯ ಕಾಲ. ಗಜ್ಜರಿ, ಕೇಲ್ ಸೊಪ್ಪು, ಎಲೆಕೋಸು, ಬೀಟ್‌ರೂಟ್ ಇವೆಲ್ಲ ಚಳಿ ತಾಗಿದಾಗ ತಮ್ಮಲ್ಲಿರುವ ಪಿಷ್ಟದ ಒಂದು ಭಾಗವನ್ನು ಸಕ್ಕರೆಯಾಗಿ ಮಾಡಿಕೊಳ್ಳುತ್ತವೆ. ಸಕ್ಕರೆ ಕರಗಿದ ನೀರು ಬೇಗ ಹೆಪ್ಪುಗಟ್ಟುವುದಿಲ್ಲ, ಗಿಡ ತನ್ನ ಜೀವ ಉಳಿಸಿಕೊಳ್ಳಲು ಮಾಡುವ ಉಪಾಯ ಅದು. ಲಾಭ ನಮಗೆ. ಹಿಮ ಬಿದ್ದ ಮೇಲೆ ಕಿತ್ತ ಗಜ್ಜರಿ ಒಮ್ಮೆ ಹಸಿಯಾಗಿ ಕಡಿದು ನೋಡಿ, ಗೊತ್ತಾಗುತ್ತದೆ.

ಇದೇ ಕಾರಣಕ್ಕೆ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡಬಾರದು. ಅಲ್ಲಿಯೂ ಪಿಷ್ಟ ಸಕ್ಕರೆಯಾಗುತ್ತದೆ, ಕರಿದಾಗ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಮ್ಯಾಚಿನ ದಿನ ಫ್ರೈಸ್ ಯಾಕೆ ಸುಟ್ಟಂತಾಗುತ್ತಿವೆ ಅಂತ ನಾನು ಎಣ್ಣೆಯನ್ನೂ ಬಾಣಲೆಯನ್ನೂ ಒಂದು ಇಡೀ ಸೀಸನ್ ಬೈದುಕೊಂಡಿದ್ದೆ. ತಪ್ಪು ಫ್ರಿಜ್‌ದು.

ಸಂತೆಯಲ್ಲಿ ಕೇಳಬೇಕಾದದ್ದು "ಇದು ಲೋಕಲ್ಲಾ?" ಅಂತಲ್ಲ. ಆ ಪ್ರಶ್ನೆಗೆ ಎಲ್ಲರೂ ಹೌದು ಅನ್ನುತ್ತಾರೆ. "ಈ ವಾರ ಹೊಸದಾಗಿ ಏನು ಬಂತು, ಮುಂದಿನ ವಾರ ಏನು ಮುಗಿಯುತ್ತದೆ?" ಅಂತ ಕೇಳಿ. ಬೆಳೆದವರಿಗೆ ಉತ್ತರ ಥಟ್ ಅಂತ ಬರುತ್ತದೆ. ಬೇರೆ ಕಡೆಯಿಂದ ತಂದು ಮಾರುವವರು ತಡವರಿಸುತ್ತಾರೆ. ಹೋಟೆಲಿನಲ್ಲೂ ಹಾಗೇ, ಮೆನು ಚಿಕ್ಕದಿದ್ದು ಆಗಾಗ ಬದಲಾಗುತ್ತಿದ್ದರೆ ಅಲ್ಲಿನ ಅಡುಗೆಯವರು ಸಂತೆಗೆ ಹೋಗುತ್ತಾರೆ ಅಂತ ಅರ್ಥ. ವರ್ಷವಿಡೀ ಒಂದೇ ಥರದ ನೂರು ಐಟಂ ಇರುವ ಕಡೆ ಊರ ಊಟ ಹುಡುಕುವುದು ದಂಡ.

ಎರಡು ದಿನ ಮೊದಲು ಅಂದೆ, ಕಾರಣ ಇದೆ. ನಿಧಾನವಾಗಿ ಬೇಯಿಸುವ ಸಾರು, ಸ್ಟ್ಯೂ, ಕಾಳಿನ ಅಡುಗೆ ಮಾಡಿದ ಮರುದಿನವೇ ಹೆಚ್ಚು ರುಚಿ. ಹಿಂದಿನ ದಿನ ಮಾಡಿಟ್ಟರೆ ಮ್ಯಾಚಿನ ದಿನ ಬಿಸಿ ಮಾಡುವುದಷ್ಟೇ ಕೆಲಸ. ಇಲ್ಲದಿದ್ದರೆ ಗೋಲು ಬಿದ್ದಾಗ ನೀವು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿರುತ್ತೀರಿ. ಟೀವಿ ಇರುವ ಕೋಣೆಯಿಂದ "ಹೋ" ಅಂತ ಕೂಗು ಕೇಳಿ ಓಡುವಷ್ಟರಲ್ಲಿ ರೀಪ್ಲೇ ಕೂಡ ಮುಗಿದಿರುತ್ತದೆ.

ಹೆಜ್ಜೆ 3: ಬಿಯರ್ ಓದುವುದನ್ನು ಕಲಿಯಿರಿ

ಇದಕ್ಕೆ ಸ್ವಲ್ಪ ಸಮಯ ಕೊಡಿ, ಇಲ್ಲೇ ಜಾಸ್ತಿ ಸ್ವಾರಸ್ಯ ಇರುವುದು. ಬಿಯರ್ ಅಂದರೆ ನೀರು, ಮಾಲ್ಟ್, ಹಾಪ್ಸ್, ಯೀಸ್ಟ್, ಅಷ್ಟೇ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಹೆಚ್ಚಾಗಿ ಬಾರ್ಲಿ. ಬಣ್ಣ, ಸಿಹಿ, ಬ್ರೆಡ್ಡಿನ ಕಾಫಿಯ ಚಾಕೊಲೇಟಿನ ಘಮ ಬರುವುದು ಅದರಿಂದ. ಹಾಪ್ಸ್ ಒಂದು ಬಳ್ಳಿಯ ಹೂವು, ಕಹಿ ಮತ್ತು ಹಣ್ಣಿನ, ಹುಲ್ಲಿನ ಪರಿಮಳ ಅದರದು. ಯೀಸ್ಟ್ ಸಕ್ಕರೆ ತಿಂದು ಆಲ್ಕೊಹಾಲ್ ಮತ್ತು ಗ್ಯಾಸ್ ಕೊಡುತ್ತದೆ. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಬಂದ ಹೆಸರಾಂತ ಬಿಯರ್ ಕಾನೂನಿನಲ್ಲಿ ನೀರು, ಬಾರ್ಲಿ, ಹಾಪ್ಸ್ ಮೂರೇ ಹೆಸರು ಇದ್ದವು. ಹುದುಗು ಬರಿಸುವುದು ಯೀಸ್ಟ್ ಅನ್ನುವ ಜೀವಿ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಮುಂದೆ 1553ರಲ್ಲಿ ಅಲ್ಲೇ ಇನ್ನೊಂದು ಕಟ್ಟಳೆ ಬಂತು. ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರ ನಡುವೆ ಮಾತ್ರ ಬಿಯರ್ ಮಾಡಬೇಕು, ಬೇಸಿಗೆಯಲ್ಲಿ ಕೂಡದು. ಸೆಕೆಯಲ್ಲಿ ಮಾಡಿದ ಬಿಯರ್ ಬೇಗ ಹುಳಿಯಾಗುತ್ತಿತ್ತು. ಚಳಿಯಲ್ಲಿ ನಿಧಾನವಾಗಿ ಹುದುಗಿ, ತಣ್ಣನೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಕೂತ ಬಿಯರ್ ತಿಳಿಯಾಗುತ್ತಿತ್ತು. ಅದೇ ಲಾಗರ್, ಜರ್ಮನ್ ಭಾಷೆಯಲ್ಲಿ ಕೂಡಿಡು ಅನ್ನುವ ಅರ್ಥದ ಮಾತಿನಿಂದ ಬಂದ ಹೆಸರು. ಅಂದರೆ ಲಾಗರ್ ಹುಟ್ಟಿದ್ದೇ ಚಳಿಗಾಲದ ಕೂಸಾಗಿ. ಬೇಸಿಗೆಯ ಪಾನೀಯ ಅಂತ ಅದನ್ನು ಮೂಲೆಗೆ ತಳ್ಳಬೇಡಿ.

ಇನ್ನೊಂದು ದೊಡ್ಡ ಮನೆತನ ಏಲ್. ಲಾಗರ್ ಯೀಸ್ಟ್ ಸುಮಾರು 7ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡಿದರೆ, ಏಲ್ ಯೀಸ್ಟಿಗೆ 15ರಿಂದ 24ರ ಬೆಚ್ಚಗೆ ಬೇಕು. ಬೆಚ್ಚಗೆ ಹುದುಗಿದಾಗ ಹಣ್ಣಿನ, ಮಸಾಲೆಯ ಘಮಗಳು ಹುಟ್ಟುತ್ತವೆ. ಹಾಪ್ಸ್ ಜಾಸ್ತಿ ಹಾಕಿದ ಕಹಿ ಐಪಿಎ (ಇಂಡಿಯಾ ಪೇಲ್ ಏಲ್), ಪೋರ್ಟರ್, ಸ್ಟೌಟ್ ಎಲ್ಲ ಏಲ್ ಬಳಗದವು.

ಚಳಿಗಾಲಕ್ಕೆ ನಾನು ಹುಡುಕುವುದು ಇವನ್ನು. ಪೋರ್ಟರ್ 18ನೇ ಶತಮಾನದ ಲಂಡನ್ನಿನ ಕಪ್ಪು ಬಿಯರ್. ಅದರಲ್ಲೇ ಗಟ್ಟಿಯಾದದ್ದನ್ನು ಸ್ಟೌಟ್ ಪೋರ್ಟರ್ ಅನ್ನುತ್ತಿದ್ದರು, ಆಮೇಲೆ ಬರೀ ಸ್ಟೌಟ್ ಉಳಿಯಿತು. ಇಂಪೀರಿಯಲ್ ಸ್ಟೌಟ್ ಇನ್ನೂ ದಪ್ಪ, 8ರಿಂದ 12 ಶೇಕಡಾ ಆಲ್ಕೊಹಾಲ್. ಡಾಪಲ್‌ಬಾಕ್ ಮ್ಯೂನಿಕ್‌ನ ಪೌಲಾನರ್ ಸನ್ಯಾಸಿಗಳಿಂದ ಬಂದ ಗಟ್ಟಿ ಲಾಗರ್. ಅವರದು ಸಾಲ್ವೇಟರ್, ಅದನ್ನು ನೋಡಿ ಉಳಿದವರೂ ತಮ್ಮದಕ್ಕೆ "-ಏಟರ್" ಅಂತ ಕೊನೆಯಾಗುವ ಹೆಸರೇ ಇಡುತ್ತಾರೆ. ಅಂಗಡಿಯಲ್ಲಿ ಆ ಬಾಲ ಕಂಡರೆ ಒಳಗೆ ಏನಿದೆ ಅಂತ ಗೊತ್ತಾಯಿತಲ್ಲ. ಬಾರ್ಲಿವೈನ್ ಹೆಸರಿಗೆ ವೈನ್, ಆದರೆ ಗಟ್ಟಿ ಬಿಯರೇ. ಚಳಿಗಾಲಕ್ಕೆಂದೇ ಮಸಾಲೆ ಹಾಕಿ ಮಾಡುವ ಬಿಯರ್‌ಗಳೂ ಇವೆ. ಅಮೆರಿಕದ ಆ್ಯಂಕರ್ ಬ್ರೂವರಿ 1975ರಲ್ಲಿ ಕ್ರಿಸ್ಮಸ್ ಏಲ್ ಶುರು ಮಾಡಿ, ಪ್ರತಿ ವರ್ಷ ಪಾಕವನ್ನೂ ಲೇಬಲ್ ಮೇಲಿನ ಮರದ ಚಿತ್ರವನ್ನೂ ಬದಲಾಯಿಸುತ್ತಿತ್ತು. ಬೇರೆ ಕ್ರಾಫ್ಟ್ ಬ್ರೂವರಿಗಳಲ್ಲೂ ಈಗ ಅಂಥ ಸೀಸನ್ ಬಿಯರ್ ಸಿಗುತ್ತದೆ.

ಕಪ್ಪಗಿದ್ದರೆ ಸ್ಟ್ರಾಂಗ್ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಬಣ್ಣ ಬರುವುದು ಹುರಿದ ಮಾಲ್ಟಿನಿಂದ, ಆಲ್ಕೊಹಾಲಿನಿಂದ ಅಲ್ಲ. ಡ್ರಾಫ್ಟ್ ಗಿನ್ನೆಸ್ 4.2 ಶೇಕಡಾ ಸುತ್ತಮುತ್ತ ಇರುತ್ತದೆ, ಹಳದಿ ಬಣ್ಣದ ಎಷ್ಟೋ ಲಾಗರ್‌ಗಿಂತ ಕಡಿಮೆ. ಬಂಗಾರದ ಬಣ್ಣದ ಬೆಲ್ಜಿಯನ್ ಟ್ರಿಪಲ್ ನೋಡಲು ಮುಗ್ಧ, ಕುಡಿದರೆ 8–9 ಶೇಕಡಾ. ಬಣ್ಣ ಬಿಡಿ, ಎಬಿವಿ ಅಂತ ಬರೆದಿರುವ ಅಂಕಿ ನೋಡಿ, ನೂರರಲ್ಲಿ ಎಷ್ಟು ಪಾಲು ಆಲ್ಕೊಹಾಲ್ ಅಂತ ಹೇಳುವುದು ಅದೇ. ಪಕ್ಕದಲ್ಲಿ ಐಬಿಯು ಅಂತ ಇದ್ದರೆ ಅದು ಕಹಿಯ ಅಳತೆ. ಅದನ್ನು ಪೂರ್ತಿ ನಂಬಬೇಡಿ, ಮಾಲ್ಟಿನ ಸಿಹಿ ಜಾಸ್ತಿ ಇದ್ದರೆ 60 ಐಬಿಯು ಕೂಡ ಮೆತ್ತಗೆ ಅನಿಸುತ್ತದೆ.

ಬ್ರೂವರಿಗೆ ಹೋದಾಗ ಮೊದಲು ಫ್ಲೈಟ್ ಕೇಳಿ. ನಾಲ್ಕೋ ಆರೋ ಪುಟ್ಟ ಗ್ಲಾಸುಗಳಲ್ಲಿ ಬೇರೆ ಬೇರೆ ಬಿಯರ್ ಕೊಡುತ್ತಾರೆ. ಹಗುರದಿಂದ ಗಟ್ಟಿಗೆ, ಕಡಿಮೆ ಕಹಿಯಿಂದ ಜಾಸ್ತಿ ಕಹಿಗೆ ಹೋಗಿ. ಸ್ಟೌಟ್ ಮೊದಲು ಕುಡಿದರೆ ಆಮೇಲೆ ಲಾಗರ್ ನೀರಿನಂತೆ ಕಾಣುತ್ತದೆ, ಪಾಪ ಅದರ ತಪ್ಪಲ್ಲ. ನಡುನಡುವೆ ನೀರು. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ ಅಂತ. ಸಂಕೋಚ ಬೇಡ, ಬದಲಾಯಿಸಿಕೊಡಿ ಅನ್ನಿ.

ಮನೆಗೆ ತರುವಾಗ ಮೂರು ವಿಷಯ ಗಮನದಲ್ಲಿರಲಿ. ಬೆಳಕು ಬಿಯರಿನ ಶತ್ರು, ಹಾಪ್ಸಿನ ಅಂಶ ಬೆಳಕಿಗೆ ಒಡೆದು ಕೆಟ್ಟ ವಾಸನೆ ಹುಟ್ಟುತ್ತದೆ. ಬಿಳಿ, ಹಸಿರು ಬಾಟಲಿಗಿಂತ ಕಂದು ಬಾಟಲಿ ವಾಸಿ, ಎಲ್ಲಕ್ಕಿಂತ ಕ್ಯಾನ್ ಒಳ್ಳೆಯದು. ಐಪಿಎ ತಾಜಾ ಇದ್ದಾಗಲೇ ಚೆನ್ನ, ತುಂಬಿದ ತಾರೀಖು ನೋಡಿ ಎರಡು ಮೂರು ತಿಂಗಳೊಳಗೆ ಮುಗಿಸಿ. ಇಂಪೀರಿಯಲ್ ಸ್ಟೌಟ್, ಬಾರ್ಲಿವೈನ್ ಹಾಗಲ್ಲ, ವರ್ಷ ಇಟ್ಟರೂ ಮಾಗುತ್ತವೆ. ಮೂರನೆಯದು ಚಳಿ ದೇಶದವರಿಗೆ: ಹೊರಗೇ ಫ್ರಿಜ್ ಇದೆಯಲ್ಲ ಅಂತ ಬಾಲ್ಕನಿಯಲ್ಲೋ ಕಾರಿನಲ್ಲೋ ಕ್ಯಾನ್ ಇಡಬೇಡಿ. 5 ಶೇಕಡಾದ ಬಿಯರ್ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೇ ಹೆಪ್ಪುಗಟ್ಟಿ ಹಿಗ್ಗುತ್ತದೆ. ನಾನು ಒಂದು ರಾತ್ರಿ ಆರು ಕ್ಯಾನ್ ಇಟ್ಟಿದ್ದೆ, ಬೆಳಿಗ್ಗೆ ನಾಲ್ಕು ಒಡೆದು ಬಾಲ್ಕನಿ ತುಂಬ ಕಂದು ಐಸ್. ಕೆರೆದು ತೆಗೆಯುವಷ್ಟರಲ್ಲಿ ಬೆರಳು ಮರಗಟ್ಟಿ ಹೋದವು.

ಎಷ್ಟು ತಣ್ಣಗೆ ಕುಡಿಯಬೇಕು? ಲಾಗರ್ 4ರಿಂದ 7 ಡಿಗ್ರಿ, ಏಲ್‌ಗಳು 8ರಿಂದ 12, ಇಂಪೀರಿಯಲ್ ಸ್ಟೌಟ್ 12ರಿಂದ 14. ಥರ್ಮಾಮೀಟರ್ ಹುಡುಕಬೇಡಿ. ಸ್ಟೌಟನ್ನು ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಬಿಟ್ಟು ಕುಡಿಯಿರಿ, ಸಾಕು. ತೀರಾ ತಣ್ಣಗಿದ್ದರೆ ನಾಲಿಗೆ ಜೋಮು ಹಿಡಿದು ಕಹಿ ಒಂದೇ ತಿಳಿಯುತ್ತದೆ.

ಹೆಜ್ಜೆ 4: ತಟ್ಟೆಗೆ ಗ್ಲಾಸ್ ಹೊಂದಿಸಿ

ಇದಕ್ಕೆ ದೊಡ್ಡ ಶಾಸ್ತ್ರ ಬೇಡ. ಗ್ಯಾಸ್ ಮತ್ತು ಕಹಿ ಎರಡೂ ಜಿಡ್ಡನ್ನು ಕೊಯ್ಯುತ್ತವೆ. ಅದಕ್ಕೇ ಕರಿದದ್ದು, ಚೀಸ್, ಕೊಬ್ಬಿನ ಮಾಂಸದ ಜೊತೆ ಲಾಗರ್ ಅಥವಾ ಐಪಿಎ ಬಾಯಿಯನ್ನು ತೊಳೆದಂತೆ ಮಾಡುತ್ತದೆ. ಸುಟ್ಟ, ಹುರಿದ ತರಕಾರಿಯ ಜೊತೆ ಕಂದು ಬಣ್ಣದ ಏಲ್ ಅಥವಾ ಪೋರ್ಟರ್, ಎರಡರಲ್ಲೂ ಹುರಿದ ಘಮ ಇರುವುದರಿಂದ. ಚಾಕೊಲೇಟ್ ಕೇಕಿನ ಜೊತೆ ಸ್ಟೌಟ್. ಸ್ಟೌಟ್ ಜೊತೆ ಆಯ್ಸ್ಟರ್ (ಸಮುದ್ರದ ಸಿಂಪಿ) ತಿನ್ನುವುದು ಹಳೆಯ ಜೋಡಿ, ಉಪ್ಪು ಮತ್ತು ಹುರಿದ ಕಹಿ ಯಾಕೆ ಹೊಂದುತ್ತದೆ ಅಂತ ತಿಂದ ಮೇಲೆಯೇ ಅರ್ಥವಾಗುವುದು.

ಖಾರದ ವಿಷಯದಲ್ಲಿ ಮಾತ್ರ ಎಚ್ಚರ. ಖಾರದ ಊಟಕ್ಕೆ ಗಟ್ಟಿ ಐಪಿಎ ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಆಲ್ಕೊಹಾಲ್, ಗ್ಯಾಸ್, ಕಹಿ ಮೂರೂ ಸೇರಿ ಖಾರದ ಉರಿಯನ್ನು ಏರಿಸುತ್ತವೆ. ಕಡಿಮೆ ಆಲ್ಕೊಹಾಲಿನ, ಮಾಲ್ಟಿನ ಸಿಹಿ ಇರುವ ಬಿಯರ್ ತೆಗೆದುಕೊಳ್ಳಿ. ಉರಿ ತೀರಾ ಜಾಸ್ತಿಯಾದರೆ ಬಿಯರ್ ಬಿಟ್ಟು ಹಾಲೋ ಮೊಸರೋ ಕುಡಿಯಿರಿ, ಅದರಲ್ಲಿರುವ ಕೇಸೀನ್ ಅನ್ನುವ ಪ್ರೋಟೀನು ಖಾರದ ಅಂಶವನ್ನು ಹಿಡಿದು ಒಯ್ಯುತ್ತದೆ.

ಅಡುಗೆಗೆ ಬಿಯರ್ ಹಾಕುವುದಾದರೆ ಐಪಿಎ ಬೇಡವೇ ಬೇಡ. ಕುದಿಸಿದಷ್ಟೂ ನೀರು ಆರಿ ಕಹಿ ಮಾತ್ರ ಉಳಿಯುತ್ತದೆ. ಒಂದು ಸಲ ಹೀಗೆ ಮಾಡಿ ಇಡೀ ಪಾತ್ರೆ ಸ್ಟ್ಯೂ ಬೇವಿನ ಕಷಾಯದಂತಾಗಿತ್ತು, ಗೆಳೆಯರು ಮರ್ಯಾದೆಗೆ ಎರಡು ಚಮಚ ತಿಂದು ಬ್ರೆಡ್ ಮೇಲೆ ಬಿದ್ದರು. ಡಾಪಲ್‌ಬಾಕ್, ಕಂದು ಏಲ್, ಸಿಹಿ ಸ್ಟೌಟ್ ಇವು ಸರಿ. ಕುದಿಸಿದರೆ ಆಲ್ಕೊಹಾಲ್ ಪೂರ್ತಿ ಹಾರಿಹೋಗುತ್ತದೆ ಅನ್ನುವುದೂ ನಿಜವಲ್ಲ. ಒಂದು ಗಂಟೆ ಬೇಯಿಸಿದರೂ ಸುಮಾರು ಕಾಲು ಭಾಗ ಉಳಿಯುತ್ತದೆ, ಎರಡೂವರೆ ಗಂಟೆಗೆ 5 ಶೇಕಡಾದಷ್ಟು. ಕುಡಿಯದವರು ಊಟಕ್ಕೆ ಬಂದಿದ್ದರೆ ಮೊದಲೇ ಹೇಳಿ, ಅವರಿಗೆ ಬೇರೆ ಪಾತ್ರೆಯಲ್ಲಿ ಮಾಡಿ.

ಹತ್ತಿರದಲ್ಲಿ ಚಿಕ್ಕ ಬ್ರೂವರಿ ಇದ್ದರೆ ಬಿಯರ್ ಮಾಡಿ ಉಳಿದ ಧಾನ್ಯದ ಚರಟ ಕೊಡುತ್ತೀರಾ ಅಂತ ಕೇಳಿ ನೋಡಿ. ಹೆಚ್ಚಾಗಿ ದನಕರುಗಳಿಗೆ ಹೋಗುವ ಸರಕು ಅದು, ಒಂದು ಡಬ್ಬಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಬ್ರೆಡ್ ಹಿಟ್ಟಿಗೆ ಹತ್ತರಲ್ಲಿ ಒಂದು ಪಾಲು ಸೇರಿಸಿ. ಒದ್ದೆ ಇರುವುದರಿಂದ ಒಂದೇ ದಿನದಲ್ಲಿ ಹುಳಿ ವಾಸನೆ ಬರುತ್ತದೆ, ಉಳಿದದ್ದನ್ನು ತಕ್ಷಣ ಫ್ರೀಜರಿಗೆ ಹಾಕಿ.

ಹೆಜ್ಜೆ 5: ಲೆಕ್ಕ ಗ್ರಾಮಿನಲ್ಲಿ ಇಡಿ, ಗ್ಲಾಸಿನಲ್ಲಿ ಅಲ್ಲ

"ಎರಡೇ ಗ್ಲಾಸ್ ಕುಡಿದೆ" ಅನ್ನುವ ಮಾತಿಗೆ ಕ್ರಾಫ್ಟ್ ಬಿಯರಿನಲ್ಲಿ ಅರ್ಥವೇ ಇಲ್ಲ. ಮಿಲಿಲೀಟರನ್ನು ಶೇಕಡಾದಿಂದ ಗುಣಿಸಿ, ನೂರರಿಂದ ಭಾಗಿಸಿ, 0.789ರಿಂದ ಗುಣಿಸಿ. ಬರುವುದು ಆಲ್ಕೊಹಾಲಿನ ಗ್ರಾಮ್. 5 ಶೇಕಡಾದ ಅರ್ಧ ಲೀಟರ್ ಲಾಗರ್‌ನಲ್ಲಿ ಸುಮಾರು 20 ಗ್ರಾಮ್. 10 ಶೇಕಡಾದ 330 ಮಿಲಿಲೀಟರ್ ಇಂಪೀರಿಯಲ್ ಸ್ಟೌಟ್‌ನಲ್ಲಿ 26 ಗ್ರಾಮ್. ಚಿಕ್ಕ ಬಾಟಲಿಯೇ ದೊಡ್ಡದು! 6 ಶೇಕಡಾ ಸರಾಸರಿಯ, 100 ಮಿಲಿಲೀಟರಿನ ನಾಲ್ಕು ಗ್ಲಾಸಿನ ಫ್ಲೈಟ್‌ನಲ್ಲಿ 19 ಗ್ರಾಮ್.

ಬ್ರಿಟನ್ನಿನ ಆರೋಗ್ಯ ಸಲಹೆ ವಾರಕ್ಕೆ 14 ಯೂನಿಟ್ ಮೀರಬೇಡಿ ಅನ್ನುತ್ತದೆ, ಅಂದರೆ 112 ಗ್ರಾಮ್. ಅದೂ ಒಂದೇ ದಿನ ಅಲ್ಲ, ಮೂರೋ ಅದಕ್ಕಿಂತ ಹೆಚ್ಚೋ ದಿನಗಳಿಗೆ ಹಂಚಿ. 2016ರಿಂದ ಗಂಡಸರಿಗೂ ಹೆಂಗಸರಿಗೂ ಇದೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇನ್ನೂ ಕಡ್ಡಿ ಮುರಿದಂತೆ ಹೇಳಿತು, ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ. ನನ್ನ ನಿಯಮ ಇಷ್ಟು: ಮ್ಯಾಚಿನ ದಿನ ಹೆಚ್ಚೆಂದರೆ ಎರಡು, ಎರಡನೆಯದು ಹಾಫ್ ಟೈಮಿನ ಊಟದ ಜೊತೆ, ವಾರದ ಉಳಿದ ದಿನ ಸೊನ್ನೆ. ಕಾರಿನ ಕೀಲಿ ಮನೆಯಲ್ಲೇ ಇರುತ್ತದೆ, ಹೋಗಿ ಬರುವುದು ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ.

ದುಡ್ಡಿನ ಲೆಕ್ಕಕ್ಕೆ ತಿಂಗಳ ಶುರುವಿನಲ್ಲೇ ಒಂದು ಮೊತ್ತ ತೆಗೆದಿಟ್ಟು ಅರ್ಧ ಊಟಕ್ಕೆ, ಉಳಿದದ್ದರಲ್ಲಿ ಟಿಕೆಟ್ ಮೊದಲು, ಮಿಕ್ಕಿದ್ದು ಬಿಯರಿಗೆ ಅಂತ ಮಾಡಿ. ಬಿಯರಿಗೆ ಕಡಿಮೆ ಬಿದ್ದರೆ ಯಾರೂ ಸಾಯುವುದಿಲ್ಲ.

ಹೆಜ್ಜೆ 6: ನಾಲ್ಕು ವಾರ

ಮೊದಲ ವಾರ ಬ್ರೂವರಿ ಅಥವಾ ಬಾರ್. ಮ್ಯಾಚಿಗೆ ಒಂದು ಗಂಟೆ ಮೊದಲೇ ಹೋಗಿ, ಸ್ಕ್ರೀನ್ ಕಾಣುವ ಜಾಗ ಹಿಡಿದು, ಹೊಟ್ಟೆಗೆ ಗಟ್ಟಿಯಾಗಿ ಏನಾದರೂ ಹಾಕಿಕೊಂಡು ಆಮೇಲೆ ಫ್ಲೈಟ್. ಇಷ್ಟವಾದದ್ದರ ಹೆಸರು ಬರೆದುಕೊಳ್ಳಿ. ನಾಲ್ಕನೇ ಗ್ಲಾಸಿನ ಹೊತ್ತಿಗೆ ಮೊದಲನೆಯದು ಮರೆತುಹೋಗಿರುತ್ತದೆ.

ಎರಡನೇ ವಾರ ಮನೆ. ಆರು ಜನ ಸಾಕು, ಅದಕ್ಕಿಂತ ಜಾಸ್ತಿಯಾದರೆ ಸೋಫಾದ ತುದಿಯಲ್ಲಿ ಕೂತವರು ಮ್ಯಾಚ್ ನೋಡುವುದಿಲ್ಲ, ಫೋನ್ ನೋಡುತ್ತಾರೆ. ಹಿಂದಿನ ದಿನ ಮಾಡಿದ ಒಂದು ದೊಡ್ಡ ಪಾತ್ರೆ ಅಡುಗೆ, ಬ್ರೆಡ್, ಹುರಿದ ಗಜ್ಜರಿ ಬೀಟ್‌ರೂಟ್. ಬಂದವರು ತಲಾ ಎರಡು ಬೇರೆ ಬೇರೆ ಕ್ಯಾನ್ ತರಲಿ, ಹಂಚಿಕೊಂಡು ಕುಡಿಯಿರಿ. ಬಡಿಸಿದ ಊಟ ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಮ್ಯಾಚ್ ಎಕ್ಸ್‌ಟ್ರಾ ಟೈಮಿಗೆ ಹೋಯಿತು ಅಂತ ಮಾಂಸಕ್ಕೆ ಗೊತ್ತಾಗುವುದಿಲ್ಲ.

ಮೂರನೇ ವಾರ ಮೈದಾನ. ಇಲ್ಲಿ ಚಳಿಯೇ ಎದುರಾಳಿ. 1967ರ ಡಿಸೆಂಬರ್ 31ರಂದು ಅಮೆರಿಕದ ಗ್ರೀನ್ ಬೇಯಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಮ್ಯಾಚನ್ನು ಈಗಲೂ ಐಸ್ ಬೌಲ್ ಅಂತಾರೆ. ಆಟ ಶುರುವಾದಾಗ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ, ರೆಫರಿಯ ಸೀಟಿ ತುಟಿಗೇ ಅಂಟಿಕೊಂಡಿತ್ತು. ಗ್ರೀನ್ ಬೇ ಪ್ಯಾಕರ್ಸ್ 21–17ರಲ್ಲಿ ಗೆದ್ದರು, ಜನ ಕೊನೆಯವರೆಗೂ ಕೂತಿದ್ದರು. ನಿಮ್ಮ ಚಳಿ ಅಷ್ಟಿಲ್ಲದಿದ್ದರೂ ಒಳಗೆ ಬೆವರು ಹೀರುವ ತೆಳು ಬಟ್ಟೆ, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಜರ್ಸಿಯನ್ನು ಎಲ್ಲದರ ಮೇಲೆ ಹಾಕಿಕೊಳ್ಳಿ, ಎರಡು ಸೈಜ್ ದೊಡ್ಡದು ಕೊಂಡಿದ್ದರೆ ಆಗುತ್ತದೆ. ಕಾಲ ಕೆಳಗೆ ಒಂದು ರಟ್ಟಿನ ತುಂಡು ಹಾಕಿ ನಿಲ್ಲಿ. ಕಾಂಕ್ರೀಟ್ ನೆಲ ಪಾದದಿಂದ ಬಿಸಿ ಎಳೆದುಕೊಳ್ಳುವುದನ್ನು ಅಷ್ಟು ಸಣ್ಣ ವಸ್ತು ತಡೆಯುತ್ತದೆ ಅಂತ ನನಗೆ ಹೇಳಿಕೊಟ್ಟಿದ್ದು ಪಕ್ಕದ ಸೀಟಿನ ಅಜ್ಜಿ.

ಕುಡಿದರೆ ಮೈ ಬೆಚ್ಚಗಾಗುತ್ತದೆ ಅನ್ನುವುದು ಚರ್ಮಕ್ಕೆ ಆಗುವ ಮೋಸ. ಚರ್ಮದ ರಕ್ತನಾಳ ಹಿಗ್ಗಿ ಬಿಸಿ ರಕ್ತ ಮೇಲಕ್ಕೆ ಬರುತ್ತದೆ, ಬೆಚ್ಚಗೆ ಅನಿಸುತ್ತದೆ, ಅದೇ ಹೊತ್ತಿಗೆ ಮೈಯ ಬಿಸಿ ಹೊರಗೆ ಹೋಗುತ್ತಿರುತ್ತದೆ. ಮೈದಾನದಲ್ಲಿ ಫ್ಲಾಸ್ಕಿನ ಬಿಸಿ ಸೂಪೇ ದೇವರು. ಬಿಯರ್ ಮ್ಯಾಚ್ ಮುಗಿದು ಒಳಗೆ ಬಂದ ಮೇಲೆ. ನಿಯಮವನ್ನೂ ನೋಡಿಕೊಳ್ಳಿ. ಇಂಗ್ಲೆಂಡಿನಲ್ಲಿ 1985ರ ಕಾನೂನಿನ ಪ್ರಕಾರ ದೊಡ್ಡ ಫುಟ್‌ಬಾಲ್ ಮ್ಯಾಚುಗಳಲ್ಲಿ ಮೈದಾನ ಕಾಣುವ ಜಾಗದಲ್ಲಿ ಕೂತು ಕುಡಿಯುವಂತಿಲ್ಲ, ರಗ್ಬಿಗೆ ಆ ತಡೆ ಇಲ್ಲ. ಅಮೆರಿಕನ್ ಫುಟ್‌ಬಾಲಿನಲ್ಲಿ ಸಾಮಾನ್ಯವಾಗಿ ಮೂರನೇ ಕ್ವಾರ್ಟರ್ ಮುಗಿದ ಮೇಲೆ ಮಾರಾಟ ನಿಲ್ಲಿಸುತ್ತಾರೆ. 2022ರ ಕತಾರ್ ವಿಶ್ವಕಪ್‌ನಲ್ಲಿ ಶುರುವಾಗಲು ಎರಡು ದಿನ ಇರುವಾಗ ಮೈದಾನಗಳಲ್ಲಿ ಬಿಯರ್ ಇಲ್ಲ ಅಂದುಬಿಟ್ಟರು.

ನಾಲ್ಕನೇ ವಾರ ಗೊತ್ತಿಲ್ಲದ ಆಟ. ಡಾರ್ಟ್ಸ್, ಕರ್ಲಿಂಗ್, ಬಯಾಥ್ಲಾನ್, ಏನಾದರೂ. ನಿಯಮ ಮೊದಲೇ ಓದಬೇಡಿ, ಅರ್ಧ ಗಂಟೆ ಸುಮ್ನೆ ನೋಡಿ, ಯಾರು ಯಾಕೆ ಚಪ್ಪಾಳೆ ತಟ್ಟುತ್ತಿದ್ದಾರೆ ಅಂತ ಊಹಿಸಿ. ಫ್ರಿಜ್‌ನಲ್ಲಿ ಉಳಿದದ್ದನ್ನೆಲ್ಲ ಸೇರಿಸಿ ಸೂಪ್ ಮಾಡಿ, ಜೊತೆಗೆ ನೀವು ಇನ್ನೂ ರುಚಿ ನೋಡಿರದ ಬಗೆಯ ಒಂದು ಬಿಯರ್.

ಹೆಜ್ಜೆ 7: ಸೋತ ದಿನವೂ ಜರ್ಸಿ ಹಾಕಿ

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಜೊತೆಗಾರರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದ ಮೇಲೆ ಬರುವ ಸೋಮವಾರ ಕಾಲೇಜಿನ ಹೆಸರಿರುವ ಬಟ್ಟೆ ಹಾಕಿ ಬರುವ ವಿದ್ಯಾರ್ಥಿಗಳು ಜಾಸ್ತಿ. ಗೆದ್ದರೆ "ನಾವು ಗೆದ್ದೆವು", ಸೋತರೆ "ಅವರು ಸೋತರು". ಓದಿದಾಗ ನನ್ನನ್ನೇ ಯಾರೋ ಕದ್ದು ನೋಡಿದ ಹಾಗಾಯಿತು. ಈಗ ನಾನು ಸೋತ ಮರುದಿನ ಬೇಕಂತಲೇ ಜರ್ಸಿ ಹಾಕುತ್ತೇನೆ. ದಾರಿಯಲ್ಲಿ ಯಾರಾದರೂ ಅಯ್ಯೋ ಅಂತ ನಕ್ಕು ಮಾತಿಗೆ ನಿಲ್ಲುತ್ತಾರೆ. ಹಾಗೆ ಸಿಕ್ಕ ಒಬ್ಬರಿಂದಲೇ ನನಗೆ ಊರಿನ ಒಳ್ಳೆಯ ಬೇಕರಿ ಗೊತ್ತಾಗಿದ್ದು.

ಹೊಸ ಟೀಮ್ ಆರಿಸಿಕೊಳ್ಳುವುದಾದರೆ ಪಾಯಿಂಟ್ಸ್ ಪಟ್ಟಿ ನೋಡಬೇಡಿ. ಎರಡು ಮ್ಯಾಚಿಗೆ ಹೋಗಿ, ಎಲ್ಲರೂ ಕೂಗುವ ಹಾಡಿನ ಮೊದಲ ಸಾಲು ಕಲಿಯಿರಿ, ಪಕ್ಕದವರಿಗೆ "ಇವರಲ್ಲಿ ಯಾರನ್ನು ನೋಡಬೇಕು?" ಅಂತ ಕೇಳಿ. ಎದುರು ತಂಡದವರ ಜೊತೆ ತಮಾಷೆ ಇರಲಿ, ಅವರ ಮನೆಮಂದಿಯ ಸುದ್ದಿಗೆ ಹೋಗಬೇಡಿ. ಎರಡು ಬಿಯರ್ ಒಳಗೆ ಹೋದ ಮೇಲೆ ಈ ಗೆರೆ ಮಸುಕಾಗುತ್ತದೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ತಿಂಗಳ ಕೊನೆಯ ದಿನಕ್ಕೆ ಒಂದು ಸಣ್ಣ ಕೆಲಸ ಇದೆ. ಇಂಪೀರಿಯಲ್ ಸ್ಟೌಟ್ ಅಥವಾ ಬಾರ್ಲಿವೈನ್ ಒಂದು ಬಾಟಲಿ ಹೆಚ್ಚಿಗೆ ಕೊಂಡು, ಅದರ ಮೇಲೆ ತಾರೀಖು ಮತ್ತು ನಿಮ್ಮ ಟೀಮಿನ ಕೊನೆಯ ಮ್ಯಾಚಿನ ಸ್ಕೋರ್ ಬರೆದ ಚೀಟಿ ಅಂಟಿಸಿ. ಬೆಳಕು ಬೀಳದ, ತಣ್ಣನೆಯ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಮುಂದಿನ ಚಳಿಗಾಲದ ಮೊದಲ ಮ್ಯಾಚಿನ ದಿನ ತೆಗೆಯಿರಿ. ನನ್ನ ಕಪಾಟಿನಲ್ಲಿರುವ ಬಾಟಲಿಯ ಮೇಲೆ 0–4 ಅಂತ ಇದೆ.